ಸರ್ ಕ್ರೀಕ್ ತಕರಾರು ಯಾಕೆ ಮುಗಿಯುತ್ತಿಲ್ಲ? ಬಂಗಾಳ ಕೊಲ್ಲಿಯದ್ದು ಹೇಗೆ ಮುಗಿಯಿತು?

ಕಾಳಿತೀರ

ನಮಸ್ಕಾರ ಎಲ್ಲರಿಗೂ. ಬಹಳ ದಿನದಿಂದ ಕೊರೆಯುತ್ತಿರುವ ಪ್ರಶ್ನೆ ಇದು.

ಬಾಂಗ್ಲಾದೇಶದ ಜೊತೆ ನಮಗೆ ಕಡಲ ಗಡಿಯ ತಕರಾರು ದಶಕಗಳ ಕಾಲ ಇತ್ತು. 2009ರಲ್ಲಿ ಅವರು ಅದನ್ನು ಅಂತಾರಾಷ್ಟ್ರೀಯ ಮಧ್ಯಸ್ಥಿಕೆಗೆ ಒಯ್ದರು. 2014ರ ಜುಲೈ 7ರಂದು ತೀರ್ಪು ಬಂತು. ತಕರಾರಿನಲ್ಲಿದ್ದ 25,602 ಚದರ ಕಿ.ಮೀ. ಕಡಲಿನಲ್ಲಿ 19,467 ಚದರ ಕಿ.ಮೀ. ಅವರ ಪಾಲಾಯಿತು. ಮುಕ್ಕಾಲಿಗೂ ಜಾಸ್ತಿ. ಭಾರತ ಅದನ್ನು ಒಪ್ಪಿಕೊಂಡಿತು. ಎಲ್ಲೂ ಒಂದು ಗುಂಡು ಹಾರಲಿಲ್ಲ.

ಈಗ ಪಶ್ಚಿಮಕ್ಕೆ ಬನ್ನಿ. ಕಛ್ ರಣದ ತುದಿಯಲ್ಲಿ ಸರ್ ಕ್ರೀಕ್ ಇದೆ. ಸುಮಾರು 96 ಕಿ.ಮೀ. ಉದ್ದದ ಅಳಿವೆ. ಕೆಸರು, ಉಪ್ಪುನೀರು, ಕಾಂಡ್ಲಾ (ಮ್ಯಾಂಗ್ರೋವ್) ಗಿಡ, ಅಷ್ಟೇ. ಅಲ್ಲಿ ಊರಿಲ್ಲ, ಮನೆಯಿಲ್ಲ. ಭಾರತ, ಪಾಕಿಸ್ತಾನ ಸೇರಿಕೊಂಡು 2007ರಲ್ಲಿ ಅದರ ಅಳತೆಯನ್ನೂ ಮಾಡಿದವು. ಆದರೂ ಮುಗಿಯಲಿಲ್ಲ. ಆ ಕಡೆಯ ಮೀನುಗಾರರು ಈ ಕಡೆಯ ಜೈಲಿನಲ್ಲಿ, ಈ ಕಡೆಯವರು ಆ ಕಡೆಯ ಜೈಲಿನಲ್ಲಿ ಕೊಳೆಯುತ್ತಿದ್ದಾರೆ.

ನನಗೆ ಅನ್ನಿಸುವುದನ್ನು ಮೊದಲೇ ಹೇಳುತ್ತೇನೆ. ಈ ಗೆರೆ ಎಲ್ಲಿ ಬೀಳುತ್ತದೆ ಎನ್ನುವುದು ನೌಕಾಪಡೆಗಿಂತ ಮೀನುಗಾರರಿಗೆ ಜಾಸ್ತಿ ಮುಖ್ಯ. ಆದರೆ ಮಾತುಕತೆಯಲ್ಲಿ ಅವರ ಹೆಸರೇ ಬರುವುದಿಲ್ಲ. ನಾನು ಕಾರವಾರದವನು. ನೌಕಾನೆಲೆಯ ಬೇಲಿಯನ್ನೂ ಮೀನುಗಾರರ ದೋಣಿಯನ್ನೂ ಒಟ್ಟಿಗೇ ನೋಡುತ್ತಾ ಬೆಳೆದಿದ್ದಕ್ಕೆ ಹೀಗೆ ಅನ್ನಿಸುತ್ತದೋ ಏನೋ. ತಿಳಿದವರು ಹೇಳಿ: ಒಂದು ಕಡೆ ಆಗಿದ್ದು ಇನ್ನೊಂದು ಕಡೆ ಯಾಕೆ ಆಗುತ್ತಿಲ್ಲ?

ಹುಬ್ಬಳ್ಳಿಯವ

ಸರಳ ಐತಿ ನೋಡ್ರಿ. ಬಾಂಗ್ಲಾದೇಶ ನಮ್ಮ ಮೇಲೆ ನಾಲ್ಕು ಯುದ್ಧ ಮಾಡಿಲ್ಲ. 2008ರಲ್ಲಿ ಮುಂಬೈಗೆ ಬಂದ ಹತ್ತು ಜನ ಯಾವ ದಾರಿಯಿಂದ ಬಂದರು? ಕಡಲಿನಿಂದ. ಗುಜರಾತಿನ 'ಕುಬೇರ' ಅನ್ನುವ ಮೀನುಗಾರಿಕಾ ಬೋಟನ್ನು ಹಿಡಿದು, ಅದರಲ್ಲಿದ್ದವರನ್ನು ಕೊಂದು, ಅದೇ ಬೋಟಿನಲ್ಲಿ ಬಂದರು. ಹೀಗಿರುವಾಗ ಆ ಜಾಗದಲ್ಲಿ ಒಂದಿಂಚು ಬಿಟ್ಟುಕೊಡುವ ಮಾತು ನನಗೆ ಒಪ್ಪಿಗೆಯಿಲ್ಲ. ಕೆಸರೇ ಇರಲಿ, ಅದು ನಮ್ಮ ಕೆಸರು.

ನಕಾಶೆಗಾರ

ಇಬ್ಬರೂ ಗೆರೆ ಎಲ್ಲಿದೆ ಅನ್ನುವುದನ್ನು ಬಿಟ್ಟು ಮುಂದೆ ಹೋಗಿದ್ದೀರಿ. ಜಗಳದ ಬೇರು ಅಲ್ಲೇ ಇದೆ. ಸ್ವಲ್ಪ ಉದ್ದವಾಗುತ್ತದೆ, ತಾಳ್ಮೆಯಿಂದ ಓದಿ.

ಇದು ಶುರುವಾಗಿದ್ದು 1908ರಲ್ಲಿ, ಸೌದೆಗಾಗಿ. ಅಳಿವೆಯ ದಂಡೆಯಲ್ಲಿ ಕೂಡಿಟ್ಟ ಉರುವಲು ಯಾರದ್ದು ಅಂತ ಕಛ್ ಸಂಸ್ಥಾನಕ್ಕೂ ಸಿಂಧ್ ಆಡಳಿತಕ್ಕೂ ತಕರಾರು ಬಂತು. ಆಗ ಸಿಂಧ್ ಮುಂಬೈ ಪ್ರಾಂತ್ಯದ ಒಳಗಿತ್ತು. ಹಾಗಾಗಿ ಮುಂಬೈ ಸರ್ಕಾರವೇ ಮಧ್ಯೆ ಬಂದು 1914ರಲ್ಲಿ ಒಂದು ನಿರ್ಣಯ ಹೊರಡಿಸಿತು. ಇಡೀ ವಿವಾದ ನಿಂತಿರುವುದು ಆ ಒಂದು ಕಾಗದದ ಮೇಲೆ.

ತಮಾಷೆಯಲ್ಲ, ಆ ಒಂದೇ ನಿರ್ಣಯವನ್ನು ಎರಡೂ ದೇಶಗಳು ಸಾಕ್ಷಿಯಾಗಿ ಇಡುತ್ತವೆ. ಅದರ 9ನೇ ಪ್ಯಾರಾ ಗಡಿ ಅಳಿವೆಯ ಪೂರ್ವದಲ್ಲಿದೆ ಅನ್ನುತ್ತದೆ. ಜೊತೆಗಿದ್ದ ನಕಾಶೆಯಲ್ಲಿ ಪೂರ್ವ ದಂಡೆಯ ಉದ್ದಕ್ಕೂ ಒಂದು ಹಸಿರು ಗೆರೆ ಇದೆ. ಇದನ್ನು ಹಿಡಿದುಕೊಂಡು ಪಾಕಿಸ್ತಾನ ಇಡೀ ಅಳಿವೆ ತನ್ನದು ಅನ್ನುತ್ತದೆ. 10ನೇ ಪ್ಯಾರಾದಲ್ಲಿ, ಅಳಿವೆಯಲ್ಲಿ ದೋಣಿ ಓಡುತ್ತದೆ, ಹಾಗಾಗಿ ಗಡಿ ನಡು ಹರಿವಿನಲ್ಲಿ ಅನ್ನುವ ಅರ್ಥದ ಮಾತಿದೆ. 1925ರ ಇನ್ನೊಂದು ನಕಾಶೆ ನಡುಗೆರೆಯನ್ನೇ ತೋರಿಸುತ್ತದೆ. ಅದಕ್ಕೆ ಮೊದಲೇ ನೆಟ್ಟ ಗಡಿ ಕಂಬಗಳೂ ಇವೆ. ಭಾರತದ ವಾದ ಇದರ ಮೇಲೆ. ಹಸಿರು ಗೆರೆ ಬರೀ ಗುರುತು, ನಿಜವಾದ ಗಡಿ ನೀರಿನ ನಡುವೆ ಅಂತ.

ಅದಕ್ಕೆ ಪಾಕಿಸ್ತಾನದ ಉತ್ತರ: ನಡು ಹರಿವಿನ ನಿಯಮ ದೋಣಿ ಓಡುವ ನದಿಗೆ ಮಾತ್ರ, ಇದು ನದಿಯಲ್ಲ, ಭರತ ಇಳಿತದ ಕಾಲುವೆ. ಭಾರತ ಹೇಳುತ್ತದೆ: ಭರತ ಬಂದಾಗ ಇದರಲ್ಲಿ ಮೀನುಗಾರಿಕಾ ಬೋಟು ಓಡುತ್ತದಲ್ಲ.

ಇನ್ನೂ ಒಂದು ತೊಂದರೆ ಇದೆ. ನೂರು ವರ್ಷದಲ್ಲಿ ಅಳಿವೆಯೇ ಜಾಗ ಬದಲಿಸಿದೆ. ನಮ್ಮೂರಿನ ಕಡೆ ಹಳ್ಳವನ್ನೇ ಗಡಿ ಅಂತ ಬರೆಸಿಕೊಂಡ ಗದ್ದೆಗಳಿವೆ. ಒಂದು ದೊಡ್ಡ ಮಳೆಗೆ ಹಳ್ಳ ಪಕ್ಕಕ್ಕೆ ಸರಿದರೆ ಅಣ್ಣತಮ್ಮಂದಿರು ಕೋರ್ಟಿಗೆ ಹೋಗುತ್ತಾರೆ. ಇಲ್ಲೂ ಅದೇ ಕಥೆ.

ಕಾಳಿತೀರ

ಬಹಳ ಚೆನ್ನಾಗಿ ವಿವರಿಸಿದಿರಿ ಸರ್. 1965ರಲ್ಲಿ ಕಛ್ ರಣದಲ್ಲಿ ಕಾಳಗ ಆದಮೇಲೆ ಒಂದು ನ್ಯಾಯಮಂಡಳಿ ಆಗಿತ್ತಲ್ವಾ? ಅದು ಇದನ್ನು ಯಾಕೆ ಮುಗಿಸಲಿಲ್ಲ?

ನಕಾಶೆಗಾರ

ಅದರ ಮುಂದೆ ಇದನ್ನು ಇಡಲೇ ಇಲ್ಲ. 1968ರ ಆ ತೀರ್ಪು ರಣದ ನೆಲದ ಬಗ್ಗೆ. ಸ್ವೀಡನ್ನಿನ ನ್ಯಾಯಾಧೀಶ ಗುನ್ನಾರ್ ಲಾಗರ್‌ಗ್ರೆನ್ ಅಧ್ಯಕ್ಷರಾಗಿದ್ದರು. ಪಾಕಿಸ್ತಾನ ಕೇಳಿದ ಜಾಗದಲ್ಲಿ ಹತ್ತರಲ್ಲಿ ಒಂದು ಭಾಗ ಅವರಿಗೆ, ಉಳಿದದ್ದು ನಮಗೆ. ಆ ಗಡಿಯನ್ನು ಇಬ್ಬರೂ ಒಪ್ಪಿಕೊಂಡರು, ಕಂಬ ನೆಟ್ಟರು. ಅಳಿವೆಯ ತಲೆಯವರೆಗೆ ಬಂದು ಕೆಲಸ ನಿಂತಿತು. ಅಲ್ಲಿಂದ ಕಡಲವರೆಗಿನ ತುಂಡು ಮಾತ್ರ ಉಳಿಯಿತು.

ಆಗ ಅದನ್ನು ಯಾರೂ ದೊಡ್ಡದಾಗಿ ನೋಡಲಿಲ್ಲ. 200 ನಾಟಿಕಲ್ ಮೈಲಿನ ಕಡಲು ಒಂದು ದೇಶಕ್ಕೆ ಸೇರುತ್ತದೆ ಅನ್ನುವ ಕಾನೂನೇ ಆಗ ಇರಲಿಲ್ಲ.

ಕೋರ್ಟು ಕಚೇರಿ

ಇಲ್ಲಿಂದ ನಾನು ಮುಂದುವರಿಸುತ್ತೇನೆ.

ವಿಶ್ವಸಂಸ್ಥೆಯ ಕಡಲ ಕಾನೂನು ಒಪ್ಪಂದ 1982ರದ್ದು. ಭಾರತ ಅದಕ್ಕೆ 1995ರಲ್ಲಿ ಅಂತಿಮ ಒಪ್ಪಿಗೆ ಕೊಟ್ಟಿತು, ಪಾಕಿಸ್ತಾನ 1997ರಲ್ಲಿ. ಅದರ ಪ್ರಕಾರ ದಡದಿಂದ 12 ನಾಟಿಕಲ್ ಮೈಲಿನವರೆಗೆ, ಅಂದರೆ ಸುಮಾರು 22 ಕಿ.ಮೀ., ಆ ದೇಶದ ಸ್ವಂತ ಕಡಲು. 200 ನಾಟಿಕಲ್ ಮೈಲಿನವರೆಗೆ, ಸುಮಾರು 370 ಕಿ.ಮೀ., ಮೀನು, ತೈಲ, ಅನಿಲ, ಖನಿಜದ ಹಕ್ಕು.

ಪಕ್ಕಪಕ್ಕದ ಎರಡು ದೇಶಗಳ ನಡುವೆ ಈ ಗೆರೆ ಎಳೆಯುವುದು ನೆಲದ ಗಡಿ ಕಡಲಿಗೆ ಇಳಿಯುವ ಬಿಂದುವಿನಿಂದ. ಸರ್ ಕ್ರೀಕಿನಲ್ಲಿ ಆ ಬಿಂದುವೇ ಗೊತ್ತಿಲ್ಲ. ಪೂರ್ವ ದಂಡೆಯಿಂದ ಶುರು ಮಾಡಿದರೆ ಒಂದು ಗೆರೆ, ನಡುವಿನಿಂದ ಶುರು ಮಾಡಿದರೆ ಇನ್ನೊಂದು. ದಡದಲ್ಲಿ ಕೆಲವೇ ಕಿ.ಮೀ. ವ್ಯತ್ಯಾಸ. 370 ಕಿ.ಮೀ. ಒಳಗೆ ಹೋಗುವಷ್ಟರಲ್ಲಿ ಅದು ಸಾವಿರಾರು ಚದರ ಕಿ.ಮೀ. ಆಗುತ್ತದೆ. ಕೆಸರಿಗೆ ಬೆಲೆ ಬಂದಿದ್ದು ಹೀಗೆ.

ಭಾರತ ಒಂದು ದಾರಿ ಸೂಚಿಸಿತ್ತು. ಅಳಿವೆಯ ವಿಷಯ ಆಮೇಲೆ ನೋಡೋಣ, ಮೊದಲು ಆಳ ಕಡಲಿನಿಂದ ದಡದ ಕಡೆಗೆ ಗೆರೆ ಎಳೆಯುತ್ತಾ ಬರೋಣ, ಒಪ್ಪಿಗೆ ಇರುವಷ್ಟನ್ನು ಮುಗಿಸೋಣ ಅಂತ. ಪಾಕಿಸ್ತಾನ ಒಪ್ಪಲಿಲ್ಲ. ಮೊದಲು ಅಳಿವೆ, ಆಮೇಲೆ ಕಡಲು ಅಂದಿತು. ನನ್ನ ಪ್ರಕಾರ ಭಾರತದ ಆ ಸಲಹೆ ತುಂಬಾ ವ್ಯಾವಹಾರಿಕವಾಗಿತ್ತು, ಅದು ಬಿದ್ದುಹೋಗಿದ್ದು ದೊಡ್ಡ ನಷ್ಟ.

ಹುಬ್ಬಳ್ಳಿಯವ

ಹಂಗಾದ್ರ ಬಾಂಗ್ಲಾದೇಶದ ಕೇಸಿನಲ್ಲಿ ನಾವು ಮುಕ್ಕಾಲು ಭಾಗ ಕಳಕೊಂಡಿದ್ದು ಯಾಕ್ರಿ? ನಮ್ಮ ವಕೀಲರು ಸರಿಯಾಗಿ ವಾದ ಮಾಡಲಿಲ್ಲೇನು?

ಕೋರ್ಟು ಕಚೇರಿ

ಹಾಗಲ್ಲ ಸರ್. 'ಕಳಕೊಂಡೆವು' ಅನ್ನುವ ಲೆಕ್ಕವನ್ನೇ ಸ್ವಲ್ಪ ಬಿಡಿಸಿ ನೋಡಬೇಕು. ತಕರಾರಿನ ಜಾಗ ಅಂದರೆ ಎರಡೂ ಕಡೆಯವರ ಬೇಡಿಕೆ ಒಂದರ ಮೇಲೊಂದು ಬಿದ್ದ ಜಾಗ. ಬೇಡಿಕೆ ಎಷ್ಟು ದೊಡ್ಡದಿಟ್ಟರೆ ಈ ಅಂಕಿ ಅಷ್ಟು ದೊಡ್ಡದಾಗುತ್ತದೆ. ಅದು ಮೊದಲು ನಮ್ಮ ಕೈಯಲ್ಲಿದ್ದು ಆಮೇಲೆ ಹೋದ ನೀರಲ್ಲ.

ಭಾರತ ಕೇಳಿದ್ದು ಸಮದೂರದ ಗೆರೆ. ಎರಡೂ ದಡದಿಂದ ಸಮ ಅಂತರದಲ್ಲಿ ಸಾಗುವ ಗೆರೆ. ಬಾಂಗ್ಲಾದೇಶದ ಕರಾವಳಿ ಒಳಕ್ಕೆ ಬಾಗಿದೆ. ಅದರ ಒಂದು ಪಕ್ಕ ಭಾರತ, ಇನ್ನೊಂದು ಪಕ್ಕ ಮ್ಯಾನ್ಮಾರ್. ಇಬ್ಬರೂ ಸಮದೂರದ ಗೆರೆ ಎಳೆದರೆ ಬಾಂಗ್ಲಾದೇಶದ ಕಡಲು ಮುಂದೆ ಹೋಗುತ್ತಾ ಹೋಗುತ್ತಾ ಮುಚ್ಚಿಹೋಗುತ್ತದೆ. ಅವರು ನೇರ ದಕ್ಷಿಣಕ್ಕೆ, 180 ಡಿಗ್ರಿಯ ಗೆರೆ ಕೇಳಿದರು. ಮಂಡಳಿ ಸಮದೂರದ ಗೆರೆಯಿಂದಲೇ ಶುರು ಮಾಡಿ, ಆಮೇಲೆ ಅದನ್ನು ತಿರುಗಿಸಿ, 177 ಡಿಗ್ರಿ 30 ಮಿನಿಟಿನ ಗೆರೆ ಕೊಟ್ಟಿತು. ಅದಕ್ಕೆ ಮೊದಲು, 2012ರ ಮಾರ್ಚ್ 14ರಂದು, ಮ್ಯಾನ್ಮಾರ್ ಜೊತೆಗಿನ ಗಡಿಯೂ ಅಂತಾರಾಷ್ಟ್ರೀಯ ಕಡಲ ನ್ಯಾಯಮಂಡಳಿಯಲ್ಲಿ ತೀರ್ಮಾನವಾಗಿತ್ತು. ಅಲ್ಲಿ ಹಾಕಿಕೊಟ್ಟ ದಾರಿ ಇಲ್ಲೂ ಕೆಲಸ ಮಾಡಿತು.

ಐದು ಜನರ ಮಂಡಳಿ. ಜರ್ಮನಿಯ ರೂಡಿಗರ್ ವುಲ್ಫ್ರಮ್ ಅಧ್ಯಕ್ಷರು. ಭಾರತ ನೇಮಿಸಿದ ಪಿ. ಶ್ರೀನಿವಾಸ ರಾವ್ ಕೆಲವು ವಿಷಯದಲ್ಲಿ ಭಿನ್ನಮತ ಬರೆದರು. ಮಂಡಳಿಯವರು 2013ರಲ್ಲಿ ಆ ಕರಾವಳಿಗೇ ಬಂದು ನೋಡಿಕೊಂಡು ಹೋಗಿದ್ದರು. ನನಗೆ ಇದು ತುಂಬಾ ಹಿಡಿಸಿದ ವಿಷಯ. ನಕಾಶೆ ನೋಡಿ ಗೆರೆ ಎಳೆಯುವುದು ಬೇರೆ, ಆ ಕೆಸರಿನ ಎದುರು ನಿಂತು ನೋಡುವುದು ಬೇರೆ.

ಗಲ್ಫ್ ಕನ್ನಡತಿ

ಅಲ್ಲಿ ಒಂದು ದ್ವೀಪಕ್ಕಾಗಿ ಜಗಳ ಆಗಿತ್ತು ಅಂತ ಚಿಕ್ಕವಳಿದ್ದಾಗ ಕೇಳಿದ್ದೆ. ಆ ದ್ವೀಪ ಈಗ ಯಾರ ಕೈಯಲ್ಲಿದೆ?

ನಕಾಶೆಗಾರ

ಯಾರ ಕೈಯಲ್ಲೂ ಇಲ್ಲ ಮೇಡಂ, ನೀರಿನ ಕೆಳಗಿದೆ! ನ್ಯೂ ಮೂರ್ ದ್ವೀಪ. ಬಂಗಾಳದಲ್ಲಿ ಪೂರ್ವಾಶಾ ಅಂದರು, ಬಾಂಗ್ಲಾದೇಶದವರು ದಕ್ಷಿಣ ತಾಲಪಟ್ಟಿ ಅಂದರು. 1970ರ ಭೋಲಾ ಚಂಡಮಾರುತದ ನಂತರ ಹರಿಯಾಭಂಗಾ ನದಿಯ ಬಾಯಲ್ಲಿ ಎದ್ದ ಮರಳುದಿಬ್ಬ. 1981ರಲ್ಲಿ ಭಾರತದ ನೌಕಾಪಡೆ ಹೋಗಿ ಬಾವುಟ ನೆಟ್ಟಿತು, ಢಾಕಾದಲ್ಲಿ ಗಲಾಟೆಯಾಯಿತು. 2010ರಲ್ಲಿ ಜಾದವಪುರ ವಿಶ್ವವಿದ್ಯಾಲಯದ ಕಡಲ ವಿಜ್ಞಾನಿಗಳು ಅದು ಪೂರ್ತಿ ಮುಳುಗಿದೆ ಅಂದರು. ತೀರ್ಪು ಕೊಡುವಾಗ ಮಂಡಳಿ ಅದನ್ನು ಲೆಕ್ಕದ ಬಿಂದುವಾಗಿ ಹಿಡಿಯಲಿಲ್ಲ.

ನಿವೃತ್ತ ನಾವಿಕ

ಇಷ್ಟು ಹೊತ್ತು ಓದುತ್ತಾ ಇದ್ದೆ. ನೌಕಾಪಡೆಯ ಕಡೆಯಿಂದ ನಾಲ್ಕು ಮಾತು. ಕಾಳಿತೀರ ಅವರು ಈ ಗೆರೆ ನೌಕಾಪಡೆಗೆ ಅಷ್ಟು ಮುಖ್ಯವಲ್ಲ ಅಂದರು. ಅರ್ಧ ಒಪ್ಪುತ್ತೇನೆ.

ಅಳಿವೆಯೊಳಗೆ ದೊಡ್ಡ ಹಡಗು ಹೋಗುವುದಿಲ್ಲ. ಅಲ್ಲಿ ಕಾವಲಿರುವುದು ಗಡಿ ಭದ್ರತಾ ಪಡೆ. ಮೊಣಕಾಲುದ್ದದ ಕೆಸರಿನಲ್ಲಿ, ಉಪ್ಪುಗಾಳಿಯಲ್ಲಿ, ಭರತ ಇಳಿತ ನೋಡಿಕೊಂಡು ದೋಣಿಯಲ್ಲೂ ಕಾಲ್ನಡಿಗೆಯಲ್ಲೂ ಗಸ್ತು ತಿರುಗುತ್ತಾರೆ. ಅದಕ್ಕಾಗಿಯೇ ತರಬೇತಾದ ತುಕಡಿ ಇದೆ. ಆ ಹುಡುಗರ ಕಷ್ಟ ದೊಡ್ಡದು, ಅದನ್ನು ಯಾರೂ ಮರೆಯಬಾರದು. ಅಳಿವೆಯ ಹೊರಗೆ ಕರಾವಳಿ ಕಾವಲು ಪಡೆ, ಅದರಾಚೆ ನೌಕಾಪಡೆ.

ಇನ್ನರ್ಧ ಯಾಕೆ ಒಪ್ಪುವುದಿಲ್ಲ ಅಂದರೆ, ಅಲ್ಲಿಂದ ಕರಾಚಿ ಬಹಳ ದೂರವಿಲ್ಲ. ಪಾಕಿಸ್ತಾನದ ಕಡಲ ವ್ಯಾಪಾರದ ಹೆಚ್ಚಿನ ಪಾಲು ಕರಾಚಿ ಮತ್ತು ಪಕ್ಕದ ಕಾಸಿಮ್ ಬಂದರಿನ ಮೂಲಕ. 1971ರ ಡಿಸೆಂಬರ್ 4ರ ರಾತ್ರಿ ನಮ್ಮ ನಿಪಾತ್, ನಿರ್ಘಾತ್, ವೀರ್ ಎಂಬ ಮೂರು ಸಣ್ಣ ಕ್ಷಿಪಣಿ ದೋಣಿಗಳು ಕರಾಚಿಯ ಹತ್ತಿರ ಹೋಗಿ ಖೈಬರ್ ಎಂಬ ಡಿಸ್ಟ್ರಾಯರನ್ನೂ ಮುಹಾಫಿಜ್ ಎಂಬ ಮೈನ್ ಗುಡಿಸುವ ಹಡಗನ್ನೂ ಮುಳುಗಿಸಿದವು. ಆ ದೋಣಿಗಳು ದಡ ಕಾಯಲು ಮಾಡಿದಂಥವು, ದೂರ ಓಡುವ ಶಕ್ತಿ ಕಡಿಮೆ. ದೊಡ್ಡ ಹಡಗುಗಳ ಜೊತೆಯಲ್ಲಿ ಒಯ್ದು, ಹತ್ತಿರ ಬಂದಮೇಲೆ ಬಿಟ್ಟು, ಕತ್ತಲಲ್ಲೇ ಹೊಡೆದು ವಾಪಸ್ ಬಂದದ್ದು. ಕಮಾಂಡರ್ ಬಬ್ರು ಭಾನ್ ಯಾದವ್ ಮುಂದಾಳು. ನಾಲ್ಕು ದಿನದ ನಂತರ ವಿನಾಶ್ ಎಂಬ ಇನ್ನೊಂದು ದೋಣಿ ಹೋಗಿ ಕರಾಚಿ ಬಂದರಿನ ಕೆಮಾರಿಯ ತೈಲ ಟ್ಯಾಂಕುಗಳಿಗೆ ಬೆಂಕಿ ಹಚ್ಚಿತು. ಡಿಸೆಂಬರ್ 4 ನೌಕಾಪಡೆ ದಿನ ಆಗಿದ್ದು ಇದರಿಂದಲೇ.

ಆದರೆ ಮರುದಿನವೇ, ಡಿಸೆಂಬರ್ 9ರಂದು, ದಿಯು ಹತ್ತಿರ ಪಾಕಿಸ್ತಾನದ ಹಂಗೋರ್ ಜಲಾಂತರ್ಗಾಮಿ ನಮ್ಮ ಐಎನ್‌ಎಸ್ ಖುಕ್ರಿಯನ್ನು ಮುಳುಗಿಸಿತು. 18 ಅಧಿಕಾರಿಗಳು, 176 ನಾವಿಕರು ಹೋದರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗು ಬಿಟ್ಟು ಬರಲಿಲ್ಲ. ಗೆದ್ದ ಕಥೆ ಹೇಳುವಾಗ ಈ 194 ಜನರನ್ನೂ ಹೇಳಬೇಕು.

ಕಾಳಿತೀರ

ಸರ್, ನಿಮ್ಮ ಮಾತಿಗೆ ಗೌರವವಿದೆ. ಒಂದು ಪ್ರಶ್ನೆ. 1971ರ ನಂತರ ಎರಡೂ ನೌಕಾಪಡೆಗಳು ಮಾಡಿದ್ದೇನು? ಗಡಿಯಿಂದ ದೂರ ಸರಿದವು ಅಲ್ವಾ? ನಮ್ಮ ಕಾರವಾರದ ನೆಲೆ ಬಂದಿದ್ದೇ ಅದಕ್ಕೆ ಅಂತ ಇಲ್ಲಿ ಹಿರಿಯರು ಹೇಳುತ್ತಿದ್ದರು.

ನಿವೃತ್ತ ನಾವಿಕ

ನಿಜ. ಮುಂಬೈ ಒಂದೇ ಕಡೆ ಪಶ್ಚಿಮದ ಇಡೀ ನೌಕಾಬಲ ಇತ್ತು. ವಾಣಿಜ್ಯ ಬಂದರೂ ಅದೇ, ಜಾಗ ಇಕ್ಕಟ್ಟು, ಶತ್ರು ವಿಮಾನಕ್ಕೆ ಹತ್ತಿರ. ಅಡ್ಮಿರಲ್ ಓ.ಎಸ್. ಡಾಸನ್ ನೌಕಾಪಡೆ ಮುಖ್ಯಸ್ಥರಾಗಿದ್ದ ಕಾಲದಲ್ಲಿ ಕಾರವಾರದ ಯೋಚನೆ ಬಂತು. ಹಿಂದೆ ಬೆಟ್ಟ, ಮುಂದೆ ದ್ವೀಪಗಳು, ಆಳವಾದ ನೀರು. 1986ರಲ್ಲಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದರು. 2005ರ ಮೇ 31ರಂದು ಐಎನ್‌ಎಸ್ ಕದಂಬ ಶುರುವಾಯಿತು. ಈಗ ವಿಮಾನವಾಹಕ ನೌಕೆ ವಿಕ್ರಮಾದಿತ್ಯದ ನೆಲೆ ಅದು.

ಪಾಕಿಸ್ತಾನವೂ ಅದೇ ಪಾಠ ಕಲಿಯಿತು. ಕರಾಚಿಯ ಪಶ್ಚಿಮಕ್ಕೆ, ಬಲೂಚಿಸ್ತಾನದ ಓರ್ಮಾರಾದಲ್ಲಿ ಜಿನ್ನಾ ನೌಕಾನೆಲೆ ಕಟ್ಟಿತು. 2000ನೇ ಇಸವಿಯಲ್ಲಿ ಅದು ಸಿದ್ಧವಾಯಿತು. ಅದರಾಚೆ ಗ್ವಾದರ್ ಬಂದರು, ಚೀನಾದ ಹಣ. 2015ರಲ್ಲಿ ಚೀನಾದಿಂದ ಎಂಟು ಜಲಾಂತರ್ಗಾಮಿ ತರಿಸುವ ಒಪ್ಪಂದವಾಯಿತು. ಅವಕ್ಕೆ ಇಟ್ಟ ಹೆಸರು ಹಂಗೋರ್. ಖುಕ್ರಿಯನ್ನು ಹೊಡೆದದ್ದರ ಹೆಸರೇ.

ಹಾಗಾಗಿ ದೊಡ್ಡ ಹಡಗುಗಳ ಆಟ ಈಗ ಸರ್ ಕ್ರೀಕಿನ ಬಾಯಲ್ಲಿಲ್ಲ. ಅದು ಅರಬ್ಬೀ ಸಮುದ್ರದ ನಡುವೆ, ಹೊರ್ಮುಜ್ ಕಡೆಯಿಂದ ಬರುವ ತೈಲದ ದಾರಿಯಲ್ಲಿದೆ. ಅಳಿವೆ ಕಾಯುವುದು ಬೇರೆ ಕಾರಣಕ್ಕೆ. ಸಣ್ಣ ದೋಣಿಯಲ್ಲಿ ಜನ ನುಸುಳುತ್ತಾರೆ, ಮಾದಕ ವಸ್ತು ಬರುತ್ತದೆ. ಹುಬ್ಬಳ್ಳಿಯವರು ಹೇಳಿದ ಭಯ ಸುಳ್ಳಲ್ಲ. ಆದರೆ ನುಸುಳುವವನಿಗೆ ಗಡಿ ಪೂರ್ವ ದಂಡೆಯಲ್ಲಿದೆಯೋ ನಡುವೆ ಇದೆಯೋ ಅನ್ನುವುದು ಲೆಕ್ಕಕ್ಕಿಲ್ಲ. ಅವನನ್ನು ಹಿಡಿಯುವುದು ಗಸ್ತು, ರೇಡಾರ್, ಬೋಟುಗಳ ನೋಂದಣಿ. ಗೆರೆ ಒಪ್ಪಿಕೊಂಡರೂ ಗಸ್ತು ನಿಲ್ಲುವುದಿಲ್ಲ.

ಕಾಳಿತೀರ

ಕೊನೆಯ ಮಾತು ನಾನು ಹೇಳಬೇಕೆಂದಿದ್ದೇ. ಹಾಗೇ ಒಂದು ಮಾತು ಸೇರಿಸುತ್ತೇನೆ. ಆ ನೆಲೆಗಾಗಿ ಅರ್ಗಾ, ಬಿಣಗಾ ಕಡೆಯ ಊರುಗಳ ಸಾವಿರಾರು ಕುಟುಂಬಗಳು ಮನೆ, ಗದ್ದೆ, ದೋಣಿ ಎಳೆಯುವ ದಡ ಬಿಟ್ಟು ಎದ್ದರು. ಪರಿಹಾರದ ಕೇಸುಗಳು ದಶಕಗಟ್ಟಲೆ ಕೋರ್ಟಿನಲ್ಲಿ ನಡೆದವು. ದೇಶದ ರಕ್ಷಣೆಗೆ ಬೇಕಿತ್ತು, ಕೊಟ್ಟರು. ಕಛ್‌ನ ಗೆರೆಗೂ ಕಾರವಾರದ ಮೀನುಗಾರನಿಗೂ ಏನು ಸಂಬಂಧ ಅಂತ ಕೇಳುವವರಿಗೆ ಇದು ಉತ್ತರ.

ಮಲ್ಪೆ ಬಂದರು

ಮಾರಾಯ್ರೆ, ಇಷ್ಟೆಲ್ಲ ಹಡಗಿನ ಲೆಕ್ಕ ಆಯಿತು, ಬೋಟಿನ ಲೆಕ್ಕ ಯಾರೂ ಹೇಳಲಿಲ್ಲ. ನಮ್ಮದು ಆಳಸಮುದ್ರದ ಬೋಟ್ ಇರುವ ಮನೆ. ಮಲ್ಪೆಯ ಬೋಟುಗಳು ಮೀನು ಹುಡುಕಿಕೊಂಡು ರತ್ನಗಿರಿ ದಾಟಿ ಗುಜರಾತಿನ ಕಡೆಗೂ ಹೋಗುತ್ತವೆ. ಹಾಗಾಗಿ ವೆರಾವಲ್, ಪೋರಬಂದರಿನವರ ಕಷ್ಟ ನಮಗೆ ವೈರ್‌ಲೆಸ್ಸಿನಲ್ಲೇ ಕೇಳುತ್ತದೆ.

ಗಡಿ ಹತ್ತಿರ ಯಾಕೆ ಹೋಗುತ್ತಾರೆ ಅಂತ ಕೇಳುವವರಿದ್ದಾರೆ. ಮೀನು ಅಲ್ಲಿದೆ, ಅದಕ್ಕೆ ಹೋಗುತ್ತಾರೆ. ಸಿಂಧೂ ನದಿಯ ಮುಖಜ ಭೂಮಿ ಅದರ ಪಕ್ಕದಲ್ಲೇ ಇದೆ. ನದಿಯ ಮಣ್ಣು, ಕಾಂಡ್ಲಾ ಕಾಡು, ಅಲ್ಲೇ ಮರಿ ಬೆಳೆಯುವುದು. ಗುಜರಾತಿನ ದಡದ ಹತ್ತಿರ ಟ್ರಾಲ್ ಬೋಟುಗಳು ಜಾಸ್ತಿಯಾಗಿ ಕಡಲು ಬರಿದಾಗಿದೆ. ಡೀಸೆಲ್, ಐಸಿನ ಸಾಲ ಹೊತ್ತು ಹೊರಟ ತಾಂಡೇಲ (ಬೋಟು ನಡೆಸುವವ) ಖಾಲಿ ಕೈಯಲ್ಲಿ ಬರಲಿಕ್ಕಾಗುತ್ತದಾ? ಗಡಿಗೆರೆಯ ಹತ್ತಿರ ಮೀನು ಹಿಡಿಯಬೇಡಿ ಅಂತ ನಮ್ಮ ಕಾವಲು ಪಡೆ ಹೇಳುತ್ತದೆ, ಸರಿ. ಆದರೆ ನೀರಿನ ಮೇಲೆ ಗೆರೆ ಕಾಣುವುದಿಲ್ಲ. ಬಲೆ ಬಿಟ್ಟ ಬೋಟು ಸೆಳೆತಕ್ಕೆ ಸರಿಯುತ್ತದೆ. ಜಿಪಿಎಸ್ ಇದ್ದರೂ ಬಲೆ ಎಳೆಯುವ ಹೊತ್ತಿಗೆ ಎಲ್ಲಿರುತ್ತೇವೋ.

ಹಿಡಿದವರು ಯಾರನ್ನು ಹಿಡಿಯುತ್ತಾರೆ? ಕಲಾಸಿಗಳನ್ನು. ಅವರು ಕೂಲಿಯವರು. ಎಷ್ಟೋ ಜನ ಗುಜರಾತಿನವರೂ ಅಲ್ಲ. ಆಂಧ್ರದ ಶ್ರೀಕಾಕುಳಂ ಕಡೆಯಿಂದ ದುಡಿಯಲು ಹೋದ 20 ಜನ 2018ರಲ್ಲಿ ಸಿಕ್ಕಿಬಿದ್ದು, 2020ರ ಜನವರಿಯಲ್ಲಿ ವಾಘಾ ಗಡಿಯಿಂದ ಬಂದರು. ಮನುಷ್ಯರು ಬಂದರೂ ಬೋಟು ಬರುವುದಿಲ್ಲ. ಅಲ್ಲೇ ಬಂದರಿನಲ್ಲಿ ಕೊಳೆಯುತ್ತದೆ. ಬೋಟು ಹೋದರೆ ಮಾಲೀಕನ ಮನೆ ಸಾಲದಲ್ಲಿ ಮುಳುಗಿದ ಹಾಗೇ.

ಗಲ್ಫ್ ಕನ್ನಡತಿ

ಇದನ್ನು ಓದಿ ಸುಮ್ನೆ ಇರಲಾಗಲಿಲ್ಲ. ಈ ಕಷ್ಟ ನಮ್ಮವರಿಗೂ ಬಂದಿದೆ. ಭಟ್ಕಳ, ಕುಮಟಾ, ಹೊನ್ನಾವರದ ಕಡೆಯ ಎಷ್ಟೋ ಜನ ಇಲ್ಲಿ ಮೀನು ಬೋಟುಗಳಲ್ಲಿ ದುಡಿಯುತ್ತಾರೆ. 2018ರಲ್ಲಿ ದುಬೈಯಿಂದ ಹೊರಟ ಉತ್ತರ ಕನ್ನಡದ ಮೀನುಗಾರರನ್ನು ಇರಾನಿನವರು ತಮ್ಮ ನೀರಿಗೆ ಬಂದರೆಂದು ಹಿಡಿದಿಟ್ಟಿದ್ದರು. ತಿಂಗಳುಗಟ್ಟಲೆ ಊರಿನ ಮನೆಗಳಲ್ಲಿ ಅನ್ನ ಇಳಿಯಲಿಲ್ಲ. ಇರಾನ್ ಜೊತೆ ನಮಗೆ ವೈರವೇ ಇಲ್ಲ. ಆದರೂ ಅಷ್ಟು ಕಾಲ ಬೇಕಾಯಿತು. ಇನ್ನು ಪಾಕಿಸ್ತಾನದ ಜೈಲಿನಲ್ಲಿರುವವರ ಗತಿ ಏನು?

ಕೋರ್ಟು ಕಚೇರಿ

ಇಲ್ಲಿ ಕಾನೂನು ನಿಜವಾಗಿ ಮೀನುಗಾರರ ಪರ ಇದೆ. ಜನರಿಗೆ ಗೊತ್ತಾಗಬೇಕಾದ ವಿಷಯ.

ಕಡಲ ಕಾನೂನು ಒಪ್ಪಂದದ 73ನೇ ವಿಧಿ ಓದಿ. 200 ನಾಟಿಕಲ್ ಮೈಲಿನ ವಲಯದಲ್ಲಿ ಬೇರೆ ದೇಶದ ಬೋಟು ಮೀನು ಹಿಡಿಯುವ ನಿಯಮ ಮುರಿದರೆ ಹಿಡಿಯಬಹುದು. ಆದರೆ ತಕ್ಕ ಜಾಮೀನು ಕೊಟ್ಟರೆ ಬೋಟನ್ನೂ ಜನರನ್ನೂ ಬೇಗ ಬಿಡಬೇಕು. ಎರಡು ದೇಶಗಳ ನಡುವೆ ಬೇರೆ ಒಪ್ಪಂದ ಇಲ್ಲದಿದ್ದರೆ ಜೈಲು ಶಿಕ್ಷೆ ಕೊಡುವ ಹಾಗಿಲ್ಲ. ಹಿಡಿದ ಕೂಡಲೇ ಆ ದೇಶಕ್ಕೆ ತಿಳಿಸಬೇಕು. ಎರಡೂ ದೇಶಗಳು ಈ ಒಪ್ಪಂದಕ್ಕೆ ಸಹಿ ಹಾಕಿವೆ.

ಇದು 12 ನಾಟಿಕಲ್ ಮೈಲಿನ ಒಳಗೆ ಅನ್ವಯಿಸುವುದಿಲ್ಲ. ಅಲ್ಲಿ ಸಿಕ್ಕಿದರೆ ಅತಿಕ್ರಮ ಪ್ರವೇಶದ ಕೇಸು ಹಾಕುತ್ತಾರೆ. ಗೆರೆಯೇ ತೀರ್ಮಾನವಾಗದ ಕಡೆ ಯಾರು ಎಲ್ಲಿ ಸಿಕ್ಕರು ಅನ್ನುವುದನ್ನು ಹಿಡಿದವನೇ ಹೇಳಬೇಕು, ಬೇರೆ ಸಾಕ್ಷಿ ಇಲ್ಲ. ಗಡಿ ಇಲ್ಲದಿರುವುದು ಬಡವನನ್ನು ಹೇಗೆ ಹೊಡೆಯುತ್ತದೆ ನೋಡಿ.

2008ರ ಮೇ ತಿಂಗಳಲ್ಲಿ ಆದ ಒಪ್ಪಂದದ ಪ್ರಕಾರ ಪ್ರತಿ ವರ್ಷ ಜನವರಿ 1 ಮತ್ತು ಜುಲೈ 1ರಂದು ಎರಡೂ ದೇಶಗಳು ಕೈದಿಗಳ ಪಟ್ಟಿ ಕೊಡಬೇಕು. ಸಂಬಂಧ ಎಷ್ಟೇ ಕೆಟ್ಟಿದ್ದರೂ ಇದು ನಿಂತಿಲ್ಲ. ನಿವೃತ್ತ ನ್ಯಾಯಾಧೀಶರ ಒಂದು ಜಂಟಿ ಸಮಿತಿಯೂ ಇತ್ತು. ಅವರು ಆ ಕಡೆ ಈ ಕಡೆ ಜೈಲುಗಳಿಗೆ ಹೋಗಿ ನೋಡಿ ಬರುತ್ತಿದ್ದರು. ಅದು ಸಭೆ ಸೇರಿ ಹತ್ತು ವರ್ಷದ ಮೇಲಾಯಿತು.

ಹುಬ್ಬಳ್ಳಿಯವ

ಮೀನುಗಾರರ ವಿಷಯದಾಗ ನನ್ನದೂ ಸಂಕಟ ಐತ್ರಿ. ಅವರನ್ನು ಬಿಡಿಸಬೇಕು. ಆದರೆ ಗಡಿ ಒಪ್ಪಂದ ಮಾಡಿಕೊಂಡರೆ ಪಾಕಿಸ್ತಾನ ಅದನ್ನು ಉಳಿಸಿಕೊಳ್ತದೆ ಅನ್ನುವ ಭರವಸೆ ಎಲ್ಲಿದೆ? 1999ರಲ್ಲಿ ಕಾರ್ಗಿಲ್ ಮುಗಿದು ತಿಂಗಳಾಗಿರಲಿಲ್ಲ, ಅವರ ನೌಕಾಪಡೆಯ ವಿಮಾನ ಇದೇ ಸರ್ ಕ್ರೀಕ್ ಹತ್ತಿರ ಬಂತು.

ನಿವೃತ್ತ ನಾವಿಕ

ಆಗಸ್ಟ್ 10, ಅಟ್ಲಾಂಟಿಕ್ ವಿಮಾನ. ನಮ್ಮ ಮಿಗ್-21 ಹೊಡೆದುರುಳಿಸಿತು, ಒಳಗಿದ್ದ 16 ಜನ ಸತ್ತರು. ಎರಡೂ ದೇಶ ಅದು ತಮ್ಮ ತಮ್ಮ ಆಕಾಶದಲ್ಲಿತ್ತು ಅಂದವು. ಪಾಕಿಸ್ತಾನ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. 2000ದ ಜೂನಿನಲ್ಲಿ ನ್ಯಾಯಾಲಯ ಈ ಕೇಸು ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಅಂದಿತು.

ಈ ಘಟನೆ ನಿಮ್ಮ ವಾದಕ್ಕೂ ಬರುತ್ತದೆ, ಅದರ ಎದುರು ವಾದಕ್ಕೂ ಬರುತ್ತದೆ. ಗಡಿ ಗಟ್ಟಿಯಾಗಿದ್ದರೆ ಪೈಲಟ್‌ಗೂ ಗೊತ್ತಿರುತ್ತದೆ, ನೆಲದಲ್ಲಿ ರೇಡಾರ್ ನೋಡುವವನಿಗೂ ಗೊತ್ತಿರುತ್ತದೆ.

ನಕಾಶೆಗಾರ

ಭರವಸೆಯ ಪ್ರಶ್ನೆಗೆ ನನ್ನ ಉತ್ತರ: 1968ರ ರಣದ ಗಡಿ. ಅದಾದಮೇಲೆ 1971ರಲ್ಲಿ ಯುದ್ಧವೇ ನಡೆಯಿತು. ಆದರೂ ಆ ಗೆರೆಯ ಬಗ್ಗೆ ಎರಡೂ ಕಡೆ ಮತ್ತೆ ತಕರಾರು ಎತ್ತಿಲ್ಲ.

ಸರ್ ಕ್ರೀಕ್ ಮುಗಿಯದಿರುವುದು ಅಳತೆಯ ಕಷ್ಟದಿಂದಲ್ಲ. 2007ರ ಜಂಟಿ ಸರ್ವೆಯಲ್ಲಿ ಎರಡೂ ದೇಶದ ತಜ್ಞರು ಕೂಡಿ ಕೆಲಸ ಮಾಡಿದರು. ಬಹಳ ಹತ್ತಿರ ಬಂದ ಕಾಲ ಅದು. 2008ರ ನವೆಂಬರಿನಲ್ಲಿ ಮುಂಬೈ ದಾಳಿ ಎಲ್ಲವನ್ನೂ ಕೆಡವಿತು. 2012ರ ಜೂನಿನಲ್ಲಿ ದಿಲ್ಲಿಯಲ್ಲಿ ಮತ್ತೆ ಕೂತರು. ಅದೇ ವರ್ಷ ಡಿಸೆಂಬರಿನಲ್ಲಿ ಗುಜರಾತ್ ಚುನಾವಣೆ. ಆಗ ಮುಖ್ಯಮಂತ್ರಿಯಾಗಿದ್ದ ನರೇಂದ್ರ ಮೋದಿ ಸರ್ ಕ್ರೀಕ್ ಬಿಟ್ಟುಕೊಡಬೇಡಿ ಅಂತ ಪ್ರಧಾನಿ ಮನಮೋಹನ್ ಸಿಂಗರಿಗೆ ಪತ್ರ ಬರೆದರು. ಅಂಥ ಯೋಚನೆಯೇ ಇಲ್ಲ ಅಂತ ಪ್ರಧಾನಿ ಕಚೇರಿ ಹೇಳಿತು. ಆಮೇಲೆ ಮಾತುಕತೆ ನಿಂತೇಹೋಯಿತು. 2025ರ ಅಕ್ಟೋಬರ್ 2ರಂದು ರಕ್ಷಣಾ ಸಚಿವ ರಾಜನಾಥ್ ಸಿಂಗ್ ಭುಜ್‌ನಲ್ಲಿ, ಕರಾಚಿಗೆ ಹೋಗುವ ಒಂದು ದಾರಿ ಈ ಕ್ರೀಕಿನ ಮೂಲಕವೂ ಇದೆ ಅಂತ ಎಚ್ಚರಿಸಿದರು. ಪಾಕಿಸ್ತಾನ ಅಲ್ಲಿ ಸೇನೆಯ ಕಟ್ಟಡ, ವ್ಯವಸ್ಥೆ ಹೆಚ್ಚಿಸುತ್ತಿದೆ ಅನ್ನುವುದು ಅವರ ಆರೋಪ.

ಮಲ್ಪೆ ಬಂದರು

ಶ್ರೀಲಂಕಾದ ಕಡೆ ಗೆರೆ ಇದೆಯಲ್ಲ, ಅಲ್ಲೇನು ನೆಮ್ಮದಿ ಇದೆಯಾ? ರಾಮೇಶ್ವರದವರನ್ನು ಹಿಡಿಯುವುದು ನಿಂತಿಲ್ಲ.

ಕೋರ್ಟು ಕಚೇರಿ

ಬಹಳ ಸರಿಯಾದ ಪ್ರಶ್ನೆ ಸರ್. 1974ರ ಒಪ್ಪಂದದಲ್ಲಿ 285 ಎಕರೆಯ ಕಚ್ಚತೀವು ದ್ವೀಪ ಶ್ರೀಲಂಕಾಕ್ಕೆ ಹೋಯಿತು. 1976ರಲ್ಲಿ ಒಬ್ಬರ ನೀರಿನಲ್ಲಿ ಇನ್ನೊಬ್ಬರು ಮೀನು ಹಿಡಿಯಬಾರದು ಅಂತಾಯಿತು. ಗೆರೆ ಸ್ಪಷ್ಟವಾಯಿತು, ಆದರೆ ತಲೆತಲಾಂತರದಿಂದ ಎರಡೂ ಕಡೆ ಬಲೆ ಹಾಕುತ್ತಿದ್ದವರನ್ನು ಯಾರೂ ಕೇಳಲಿಲ್ಲ. ಈಗ ಅಲ್ಲಿ ನಮ್ಮ ಟ್ರಾಲ್ ಬೋಟುಗಳು ತಳ ಗುಡಿಸುವುದರಿಂದ ಜಾಫ್ನಾದ ತಮಿಳು ಮೀನುಗಾರರ ಹೊಟ್ಟೆಗೇ ಏಟು. ಅದು ಬೇರೆಯೇ ದೊಡ್ಡ ವಿಷಯ, ಇನ್ನೊಂದು ಚರ್ಚೆಯಲ್ಲಿ ಮಾತಾಡೋಣ.

ಬಾಂಗ್ಲಾದೇಶದ್ದೂ ಪೂರ್ತಿ ಮುಗಿದಿಲ್ಲ. ದಡದ ಲೆಕ್ಕದ ಬಿಂದುಗಳ ಬಗ್ಗೆ 2021ರಲ್ಲಿ ಭಾರತ ವಿಶ್ವಸಂಸ್ಥೆಗೆ ಆಕ್ಷೇಪ ಕೊಟ್ಟಿದೆ. ಆದರೆ ಅದು ಕಾಗದದ ಮೇಲಿನ ಜಗಳ. ಅದಕ್ಕಾಗಿ ಎರಡು ನೌಕಾಪಡೆಗಳು ಎದುರಾಗಿ ನಿಂತಿಲ್ಲ.

ಕಾಳಿತೀರ

ಎಲ್ಲರ ಮಾತು ಓದಿದ ಮೇಲೆ ನನ್ನ ಪ್ರಶ್ನೆಯ ರೂಪವೇ ಬದಲಾಗಿದೆ. ಮಲ್ಪೆಯವರು ಹೇಳಿದ್ದು ತುಂಬಾ ತಟ್ಟಿತು. ಗೆರೆ ಬಂದ ಮಾತ್ರಕ್ಕೆ ಮೀನುಗಾರ ಉಳಿಯುವುದಿಲ್ಲ. ಹಾಗಾದರೆ ಗೆರೆಗಾಗಿ ಕಾಯುತ್ತಾ ಅವರನ್ನು ಜೈಲಿನಲ್ಲಿಡುವುದಕ್ಕೂ ಅರ್ಥವಿಲ್ಲ.

ಹುಬ್ಬಳ್ಳಿಯವರೇ, ಅಳಿವೆಯ ವಿಷಯದಲ್ಲಿ ನೀವು ಹೇಳುವ ಹಾಗೇ ಇರಲಿ. ಒಂದಿಂಚೂ ಬಿಡುವುದು ಬೇಡ. ಆದರೆ ಬಾಕಿ ಕೆಲಸಕ್ಕೆ ಗಡಿ ಒಪ್ಪಂದ ಬೇಕಿಲ್ಲ. ನ್ಯಾಯಾಧೀಶರ ಸಮಿತಿ ಮತ್ತೆ ಸೇರಬಹುದು. 73ನೇ ವಿಧಿಯ ಪ್ರಕಾರ ಜೈಲಿನ ಬದಲು ದಂಡ ಹಾಕಿ ಬಿಡುವ ಒಪ್ಪಂದ ಮಾಡಿಕೊಳ್ಳಬಹುದು. ಶಿಕ್ಷೆ ಮುಗಿದವರನ್ನು ಗುರುತಿನ ಕಾಗದಕ್ಕಾಗಿ ಕೂರಿಸಿಕೊಳ್ಳದೆ ಕಳಿಸಬಹುದು. ಬೋಟನ್ನೂ ಜೊತೆಗೇ ಕೊಡಬಹುದು. ಇದರಲ್ಲಿ ಯಾವ ದೇಶದ ನೆಲವೂ ಹೋಗುವುದಿಲ್ಲ.

ಹುಬ್ಬಳ್ಳಿಯವ

ಇದಕ್ಕ ನಾನು ಒಪ್ತೀನ್ರಿ. ಒಂದೇ ಷರತ್ತು. ನಾವು ಬಿಟ್ಟಷ್ಟೇ ಜನರನ್ನು ಅವರೂ ಬಿಡಬೇಕು. ಮತ್ತ ಗಸ್ತು ಒಂದು ದಿನ ಕೂಡ ಸಡಿಲ ಆಗಬಾರದು.

ನಿವೃತ್ತ ನಾವಿಕ

ಗಸ್ತು ಸಡಿಲ ಆಗುವುದಿಲ್ಲ. ಆದರೆ ಲೆಕ್ಕಕ್ಕೆ ಲೆಕ್ಕ ಇಡಬೇಡಿ. ಪಟ್ಟಿಗಳನ್ನು ನೋಡಿದರೆ ಅವರ ಜೈಲಿನಲ್ಲಿರುವ ನಮ್ಮ ಮೀನುಗಾರರೇ ಜಾಸ್ತಿ. ಒಬ್ಬರಿಗೊಬ್ಬರು ಅಂತ ಹಟ ಹಿಡಿದರೆ ನಮ್ಮವರೇ ಅಲ್ಲಿ ಉಳಿದುಬಿಡುತ್ತಾರೆ.

ಮಲ್ಪೆ ಬಂದರು

ಅದೇ ಮಾರಾಯ್ರೆ. ನಮ್ಮವರು ಮೊದಲು ಮನೆಗೆ ಬರಲಿ. ಬೋಟಿನ ಲೆಕ್ಕ ಆಮೇಲೆ ಕೂತು ಮಾಡುವಾ.